ಜಂಟಲ್‌ಮೆನ್ ಅಂಡ್ ಹಿಂದೂಪುರ

ಬಿ.ಕಾಂ. ಓದಿದ ಹೆಂಗಸು ಅಂತ ನನ್ನನ್ನು ಯಾರಿಗಾದರೂ ಪರಿಚಯ ಮಾಡಿಕೊಟ್ಟರೆ ಸಾಕು, ಐದು ನಿಮಿಷದೊಳಗೆ ಏನಾದರೂ ಒಂದು ಎಡವಟ್ಟು ಆಗೇ ಆಗುತ್ತಿತ್ತು. ಮೊದಮೊದಲು ತಪ್ಪು ನನ್ನದೇ ಇರಬೇಕು ಅಂದುಕೊಂಡು ಮುದುಡಿಕೊಳ್ಳುತ್ತಿದ್ದೆ. ಆಮೇಲೆ ಮುದುಡಿಕೊಳ್ಳಬೇಕಾದವರು ಎದುರಿಗಿದ್ದವರು ಅಂತ ಗೊತ್ತಾಯಿತು. ಅಲ್ಲಿಂದ ಮುಂದೆ ಸುಖವಾಗಿದ್ದೇನೆ. ಆಗ ನಮ್ಮ ಹಿಂದೂಪುರ ಮದರಾಸು ಪ್ರಾಂತ್ಯದಲ್ಲಿತ್ತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸರ್ಕಾರಿ ಕಾಗದದಲ್ಲಿ ಇಂಗ್ಲಿಷು. ಮೂರರಲ್ಲೂ ಜನ ನನಗೆ ಒಂದೇ ಮಾತು ಹೇಳುತ್ತಿದ್ದರು: ಬೇಡ.

೧. ಬೇಡ ಅನ್ನೋಕೆ ಅಷ್ಟುದ್ದ ಯಾಕೆ?

ನಮ್ಮದು ಬೆಲ್ಲ, ಹುಣಿಸೆಹಣ್ಣಿನ ಮಂಡಿ. ಅಪ್ಪ ಮಾತು ಕಡಿಮೆ. ಅವರು ಉಳಿಸಿದ ಮಾತನ್ನೆಲ್ಲ ಚಿಕ್ಕಪ್ಪ ಖರ್ಚು ಮಾಡುತ್ತಿದ್ದರು. ನಾನು ಅನಂತಪುರದಲ್ಲಿ ಸೋದರತ್ತೆ ಮನೆಯಲ್ಲಿದ್ದುಕೊಂಡು ಇಂಟರ್‌ಮೀಡಿಯೆಟ್ ಮುಗಿಸಿ ಬಂದು, ಬೆಂಗಳೂರಿಗೆ ಹೋಗಿ ಕಾಮರ್ಸ್ ಓದುತ್ತೇನೆ ಅಂದೆ. ಚಿಕ್ಕಪ್ಪ ಕೈಯಲ್ಲಿದ್ದ ಮಜ್ಜಿಗೆ ಲೋಟ ಕೆಳಗಿಟ್ಟರು.

“ಕಾಮರ್ಸು ಅಂದ್ರೇನು?”

“ವ್ಯಾಪಾರ ನಡೆಸೋದು ಹೇಗೆ ಅಂತ ಕಲಿಸ್ತಾರೆ.”

“ವ್ಯಾಪಾರ ಕಲಿಯಾಕೆ ಬೆಂಗಳೂರಿಗೆ ಹೋಗ್ಬೇಕಾ? ನಮ್ಮ ಮನೇಲಿ ಹುಟ್ಟಿದ್ ಕೂಸು ತಕ್ಕಡಿ ನೋಡ್ಕೊಂಡೇ ಕಣ್ಬಿಡ್ತದೆ. ನಾಳೆ ಉಸಿರಾಡಾದು ಕಲಿಯಾಕೂ ಫೀಜು ಕಟ್ತೀಯಾ?”

ಅಪ್ಪ ಎಂದಿನಂತೆ ಸೂರು ನೋಡಿದರು. ನಾನು ಎದ್ದು ಒಳಗೆ ಹೋದೆ. ಅಳೋಕೆ ಹೋದೆ ಅಂತ ಯಾರೂ ತಿಳಿಯಬಾರದು. ನಾನು ಅಳಲಿಲ್ಲ, ಪೆಟ್ಟಿಗೆಗೆ ಬಟ್ಟೆ ತುಂಬಿ ಬಾಗಿಲ ಪಕ್ಕದಲ್ಲಿ ಇಟ್ಟೆ. ಇವತ್ತಲ್ಲ ನಾಳೆ ಬೇಕಾಗುತ್ತದೆ, ಮುಂಚೆಯೇ ತುಂಬಿಟ್ಟರೆ ಕೆಲಸ ಹಗುರ. ಆ ಪೆಟ್ಟಿಗೆ ಹನ್ನೊಂದು ದಿನ ಬಾಗಿಲಲ್ಲೇ ಕೂತಿತ್ತು. ಬಂದವರೆಲ್ಲ ಎಡವಿ, “ಯಾರು ಊರಿಗೆ ಹೊರಟಿರೋದು?” ಅಂತ ಕೇಳುತ್ತಿದ್ದರು. “ನಾನು,” ಅನ್ನುತ್ತಿದ್ದೆ.

ಹನ್ನೆರಡನೇ ದಿನ ಬೊಂಬಾಯಿಯ ಹುಣಿಸೆಹಣ್ಣಿನ ವ್ಯಾಪಾರಿಯಿಂದ ಮಂಡಿಗೆ ಒಂದು ತಂತಿ ಬಂತು. ಇಂಗ್ಲಿಷಿನಲ್ಲಿತ್ತು. ನಾನು ಮನೆಯಲ್ಲೇ ಇದ್ದೆ, ಆದರೆ ನನ್ನ ಹತ್ತಿರ ಓದಿಸಿದರೆ ಸೋತಂತೆ ಅಲ್ಲವೇ? ಚಿಕ್ಕಪ್ಪನಿಗೆ ರೈಲ್ವೆ ಗೂಡ್ಸ್ ಶೆಡ್ಡಿನ ಗೋಡೆ ನೋಡಿ ನೋಡಿ ಎರಡು ಇಂಗ್ಲಿಷ್ ಪದ ಗುರುತಿತ್ತು. ಅದೃಷ್ಟಕ್ಕೆ ತಂತಿಯಲ್ಲಿ ಆ ಎರಡೂ ಇದ್ದವು: ‘ಲೋಡ್’, ‘ವ್ಯಾಗನ್’. ತಕ್ಷಣ ಹಮಾಲರನ್ನು ಕರೆದು ಒಂದು ವ್ಯಾಗನ್ ತುಂಬ ಹುಣಿಸೆಹಣ್ಣು ತುಂಬಿಸಿ ಬೊಂಬಾಯಿಗೆ ಕಳಿಸಿ, ಮೀಸೆ ತಿರುವಿಕೊಂಡು ಬಂದರು.

ಸಂಜೆ ಅಜ್ಜಿ ಆ ತಂತಿಯನ್ನು ನನ್ನ ಕೈಗೆ ಕೊಟ್ಟಳು. ಅದರಲ್ಲಿದ್ದದ್ದು ಇಷ್ಟು: ‘ಡು ನಾಟ್ ಲೋಡ್ ವ್ಯಾಗನ್ ಟಿಲ್ ಲೆಟರ್.’ ಕಾಗದ ಬರುವ ತನಕ ವ್ಯಾಗನ್ ತುಂಬಬೇಡಿ ಅಂತ.

ನಮ್ಮ ಮನೆಯಿಂದ ಬೊಂಬಾಯಿ ನೋಡಿಕೊಂಡು ವಾಪಸು ಬಂದದ್ದು ಮೊಟ್ಟಮೊದಲು ಆ ಹುಣಿಸೆಹಣ್ಣೇ.

ಅಜ್ಜಿ ಯಾರನ್ನೂ ಕೇಳಲಿಲ್ಲ. ಬಾಗಿಲಲ್ಲಿದ್ದ ಪೆಟ್ಟಿಗೆಯನ್ನು ಕಾಲಲ್ಲಿ ಹೊಸ್ತಿಲಾಚೆ ತಳ್ಳಿ, “ನಾಳೆ ಬೆಳಗಿನ ರೈಲಿಗೆ ಹೋಗ್ಬುಡು ಮಗಾ,” ಅಂದಳು. ಅಪ್ಪ ಸೂರು ನೋಡುವುದನ್ನು ಬಿಟ್ಟು ತಲೆ ಆಡಿಸಿದರು. ಚಿಕ್ಕಪ್ಪ ಮಾತ್ರ ತಂತಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೂತಿದ್ದರು.

“ಪದಕ್ಕಿಷ್ಟು ಅಂತ ದುಡ್ಡು ಕೊಟ್ಟು ತಂತಿ ಕೊಡ್ತಾನೆ. ಬೇಡ ಅನ್ನಾಕಿದ್ರೆ ಬೇಡ ಅಂತ ಒಂದೇ ಮಾತು ಸಾಕಲ್ವಾ? ಇಷ್ಟುದ್ದ ಯಾಕೆ ಬೇಡ ಅಂತಾನೆ? ಅವನಿಗೇ ವ್ಯಾಪಾರ ಬರಲ್ಲ ಕಣಮ್ಮ!”

೨. ಜಂಟಲ್‌ಮೆನ್

ಬೆಂಗಳೂರಿನ ಕಾಲೇಜಿನ ಗುಮಾಸ್ತರು ಅರ್ಜಿ ನಮೂನೆ ಕೊಡಲಿಲ್ಲ. “ಇದು ಗಂಡುಮಕ್ಕಳ ನಮೂನೆ ಕಣಮ್ಮ. ಇದರಲ್ಲಿ ‘ಇಂಥವರ ಮಗ’ ಅಂತ ಅಚ್ಚಾಗಿದೆ. ಹೆಣ್ಣುಮಕ್ಕಳಿಗೆ ನಮೂನೆಯೇ ಇಲ್ಲ.” ನಾನು ಮೇಜಿನ ಮೇಲಿದ್ದ ಒಂದು ನಮೂನೆ ತೆಗೆದುಕೊಂಡು, ಅವರ ಪೆನ್ನೇ ತೆಗೆದುಕೊಂಡು, ‘ಮಗ’ ಅನ್ನುವುದನ್ನು ಹೊಡೆದು ‘ಮಗಳು’ ಅಂತ ಬರೆದೆ. “ಈಗ ಇದೆಯಲ್ಲ,” ಅಂದೆ. ಅವರು ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು, ಸೀಲು ಹಾಕಿದರು.

ತರಗತಿಯಲ್ಲಿ ಗಂಡು ಹುಡುಗರು ಐವತ್ತರ ಮೇಲೆ. ಹುಡುಗಿ ನಾನೊಬ್ಬಳೇ. ವ್ಯಾಪಾರ ಸಂಘಟನೆ ಪಾಠ ಮಾಡುವ ಮೇಷ್ಟ್ರು ಜರಿ ಪೇಟ, ಉದ್ದ ಕೋಟು ಹಾಕಿಕೊಂಡು ಒಳಗೆ ಬಂದರು. ನಾವೆಲ್ಲ ಎದ್ದು ನಿಂತೆವು. “ಜಂಟಲ್‌ಮೆನ್, ಸಿಟ್ ಡೌನ್,” ಅಂದರು. ಹುಡುಗರು ಕೂತರು. ಪಾಠ ಶುರುವಾಯಿತು. ಕಂಪನಿ ಅಂದರೇನು, ಪಾಲುದಾರಿಕೆ ಅಂದರೇನು ಎಂದು ಅರ್ಧ ಗಂಟೆ ಬೋರ್ಡಿನ ಕಡೆ ತಿರುಗಿ ಹೇಳಿದರು. ಈ ಕಡೆ ತಿರುಗಿದಾಗ ನಾನು ನಿಂತೇ ಇದ್ದೆ.

“ಯಾಕಮ್ಮ ನಿಂತಿದ್ದೀಯ?”

“ತಾವು ಜಂಟಲ್‌ಮೆನ್‌ಗಳಿಗೆ ಮಾತ್ರ ಕೂತ್ಕೊಳ್ಳೋಕೆ ಹೇಳಿದ್ರಿ ಸಾರ್.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕಂದರು. ಮೇಷ್ಟ್ರ ಮುಖ ಕೆಂಪಾಯಿತು. ಅವರು ಕೆಟ್ಟವರಲ್ಲ. ಇಪ್ಪತ್ತು ವರ್ಷದಿಂದ ಆ ಒಂದು ಪದದಿಂದಲೇ ಪಾಠ ಶುರು ಮಾಡಿಕೊಂಡು ಬಂದಿದ್ದರು, ಅಷ್ಟೆ. ಮಾರನೇ ದಿನವೂ ಬಾಯಿತಪ್ಪಿ “ಜಂಟಲ್‌ಮೆನ್” ಅಂದರು, ಮಾರನೇ ದಿನವೂ ನಾನು ನಿಂತೆ. ಮೂರನೇ ದಿನ ಕಾಲು ನೋಯುತ್ತಿತ್ತು, ಆದರೂ ನಿಂತೆ. ಹಿಂದಿನ ಬೆಂಚಿನ ಹುಡುಗ ಪಿಸುಗುಟ್ಟಿದ: “ಹೋಗ್ಲಿ ಕೂತ್ಕೊಳ್ಳಿ ಸಿಸ್ಟರ್, ನಮಗೆ ಕಪ್ಪುಹಲಗೆ ಕಾಣಿಸ್ತಿಲ್ಲ.”

ನಾಲ್ಕನೇ ದಿನ ಮೇಷ್ಟ್ರು ಬಾಗಿಲಲ್ಲಿ ನಿಂತು ಉಸಿರು ಎಳೆದುಕೊಂಡರು. “ಜಂಟಲ್‌ಮೆನ್ ಅಂಡ್...” ಅಂದರು. ‘ಲೇಡೀಸ್’ ಅಂದರೆ ಒಬ್ಬಳಿಗೆ ಜಾಸ್ತಿಯಾಯಿತು ಅನ್ನಿಸಿತೋ, ಹೆಸರು ಮರೆತುಹೋಯಿತೋ, ಕೈಯಲ್ಲಿದ್ದ ಹಾಜರಿ ಪುಸ್ತಕ ನೋಡಿದರು. ಅದರಲ್ಲಿ ನನ್ನ ಊರು ಕಣ್ಣಿಗೆ ಬಿತ್ತು. “ಜಂಟಲ್‌ಮೆನ್ ಅಂಡ್ ಹಿಂದೂಪುರ, ಸಿಟ್ ಡೌನ್.”

ನಾನು ಕೂತೆ.

ಎರಡು ವರ್ಷ ಅದೇ ನಡೆಯಿತು. ಕಾಲೇಜಿಗೆಲ್ಲ ನಾನು ಹಿಂದೂಪುರವೇ ಆಗಿಹೋದೆ. ಒಂದು ಸಲ ಜ್ವರ ಬಂದು ಮಲಗಿದ್ದೆ. ಆವತ್ತು ಮೇಷ್ಟ್ರು ಒಳಗೆ ಬಂದು “ಜಂಟಲ್‌ಮೆನ್ ಅಂಡ್...” ಅಂದು, ಖಾಲಿ ಜಾಗ ನೋಡಿ, ನಿಂತುಬಿಟ್ಟರಂತೆ. ಮುಂದಕ್ಕೂ ಹೋಗಲಾಗದು, ಹಿಂದಕ್ಕೂ ಬರಲಾಗದು. ಕೊನೆಗೆ ನಮ್ಮ ಕಡೆಯ ಗೋರಂಟ್ಲದ ಹುಡುಗನೊಬ್ಬ ಎದ್ದು, “ಸಾರ್, ಇವತ್ತಿಗೆ ಗೋರಂಟ್ಲ ಅಂದ್ಕೊಂಡು ಮುಂದುವರಿಸಿ,” ಅಂದನಂತೆ.

೩. ಹಿಂದಿನ ಕಡೆ ಯಾಕೆ ಬಿಟ್ಟಿರಿ?

ಬಿ.ಕಾಂ. ಮುಗಿದ ಕೂಡಲೇ ಮನೆಯಲ್ಲಿ ಗಂಡು ನೋಡುವ ಕೆಲಸ ಶುರುವಾಯಿತು. ಆ ಓದಿನಿಂದ ಏನೇನು ಆಗಬಹುದು ಅಂತ ಮೇಷ್ಟ್ರು ನಮಗೆ ಒಂದು ಇಡೀ ತರಗತಿ ಹೇಳಿದ್ದರು: ಬ್ಯಾಂಕು, ವಿಮೆ, ಗಿರಣಿ, ರೈಲ್ವೆ, ಕಂಪನಿ ಕಾರ್ಯದರ್ಶಿ. ಆ ಪಟ್ಟಿಯಲ್ಲಿ ಸೊಸೆ ಇರಲಿಲ್ಲ. ನಾನು ಅದನ್ನು ಹೇಳಿದೆ. ಚಿಕ್ಕಪ್ಪ, “ನಿಮ್ಮ ಮೇಷ್ಟ್ರಿಗೆ ಮರ್ತೋಗಿರ್ಬೇಕು,” ಅಂದರು.

ಒಂದು ಭಾನುವಾರ ಗಂಡಿನ ಕಡೆಯವರು ಬಂದರು. ಹುಡುಗ ಬಿಳಿ ಅಂಗಿ ಹಾಕಿಕೊಂಡು ಅಪ್ಪ ಅಮ್ಮನ ನಡುವೆ ಕೂತಿದ್ದ. ಅವನ ಅಮ್ಮ ಕೇಳತೊಡಗಿದರು: ಹಾಡು ಬರುತ್ತಾ, ಹೂ ಕಟ್ಟೋಕೆ ಬರುತ್ತಾ, ಒಂದೇ ಒಲೆಯಲ್ಲಿ ಎಷ್ಟು ಜನಕ್ಕೆ ಮುದ್ದೆ ಮಾಡ್ತೀಯ. ನಾನು ಎಲ್ಲಕ್ಕೂ ಉತ್ತರ ಕೊಟ್ಟೆ. ಆಮೇಲೆ, “ನಾನೂ ನಾಲ್ಕು ಮಾತು ಕೇಳ್ಬಹುದಾ?” ಅಂದೆ.

ಚಿಕ್ಕಪ್ಪ ಕೆಮ್ಮಿದರು. ಹುಡುಗನ ತಂದೆ ದೊಡ್ಡ ಮನಸ್ಸು ಮಾಡಿ, “ಕೇಳಮ್ಮ, ಓದಿದೋಳು,” ಅಂದರು.

ಕೆಲಸಕ್ಕೆ ಬಂದವರನ್ನು ಹೇಗೆ ಸಂದರ್ಶನ ಮಾಡಬೇಕು ಅಂತ ನಮಗೆ ಪಾಠ ಇತ್ತು. ನನಗೆ ಗೊತ್ತಿದ್ದ ಸಂದರ್ಶನ ಅದೊಂದೇ. ಬೆನ್ನು ನೆಟ್ಟಗೆ ಮಾಡಿಕೊಂಡು ಹುಡುಗನನ್ನು ಕೇಳಿದೆ.

“ಇದಕ್ಕೆ ಮುಂಚೆ ಎಷ್ಟು ಕಡೆ ಹೆಣ್ಣು ನೋಡಿದ್ದೀರಿ?”

“ಏಳು ಕಡೆ,” ಅಂದ. ಪಾಪ, ಸತ್ಯವಂತ.

“ಅವನ್ನೆಲ್ಲ ಯಾಕೆ ಬಿಟ್ಟಿರಿ?”

“ನಾನೆಲ್ಲಿ ಬಿಟ್ಟೆ? ಅವರೇ...” ಅಂದವನು ಅಮ್ಮನ ಮೊಣಕೈ ತಗುಲಿ ಮಾತು ನುಂಗಿಕೊಂಡ.

“ನಮ್ಮ ಮನೆಗೇ ಬರಬೇಕು ಅಂತ ನಿಮಗೆ ಯಾಕೆ ಅನ್ನಿಸ್ತು?”

“ಅನ್ನಿಸಲಿಲ್ಲ. ಬಸ್ಸಿಂದ ಇಳಿದ ಮೇಲೇ ಎಲ್ಲಿಗೆ ಅಂತ ಹೇಳಿದ್ದು.”

“ಇನ್ನೈದು ವರ್ಷಕ್ಕೆ ಏನಾಗಬೇಕು ಅಂತಿದ್ದೀರಿ?”

ಹುಡುಗ ಅಪ್ಪನ ಮುಖ ನೋಡಿದ, ಅಮ್ಮನ ಮುಖ ನೋಡಿದ. ಯಾರೂ ಆ ಪ್ರಶ್ನೆಯನ್ನು ಅವನಿಗೆ ಹುಟ್ಟಿದಾಗಿನಿಂದ ಕೇಳಿರಲಿಲ್ಲ ಅಂತ ಕಾಣುತ್ತದೆ. ಕಣ್ಣು ಅರಳಿತು. “ರೈಲ್ವೇಲಿ ಟಿಕೇಟು ಕೊಡೋ ಕೆಲಸ,” ಅಂದ. “ಅರ್ಜಿ ಬರೆಯೋಕೆ ಬರಲ್ಲ.”

ಅವನ ಅಮ್ಮ ಎದ್ದರು. ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಬಾಗಿಲ ತನಕ ಹೋಗಿ, “ಹುಡುಗೀನ ನೋಡಾಕೆ ಬಂದ್ರೆ ಪೊಲೀಸ್ ಠಾಣೆಗೆ ಬಂದಂಗಾಯ್ತು,” ಅಂತ ತೆಲುಗಲ್ಲೂ ಕನ್ನಡದಲ್ಲೂ ಎರಡು ಸಲ ಹೇಳಿದರು, ಬೀದಿಯವರಿಗೆಲ್ಲ ತಿಳಿಯಲಿ ಅಂತ. ನಾನು ಅಷ್ಟರಲ್ಲಿ ಒಳಗೆ ಹೋಗಿ ಕಾಗದ ತಂದು, ಜಗುಲಿಯ ಮೇಲೆ ನಿಂತೇ ಹುಡುಗನಿಗೆ ಒಂದು ಅರ್ಜಿ ಬರೆದುಕೊಟ್ಟೆ.

ಮೂರು ತಿಂಗಳಿಗೆ ಅವನಿಂದ ಕಾರ್ಡು ಬಂತು. ನಮ್ಮ ಮನೆಯಲ್ಲಿ ಆಯ್ಕೆಯಾಗದವನು ರೈಲ್ವೆಯಲ್ಲಿ ಆಗಿದ್ದ. ಚಿಕ್ಕಪ್ಪ ಆ ಕಾರ್ಡು ಓದಿಸಿಕೊಂಡು ಕೇಳಿ, ಹಣೆ ಹಿಡಿದುಕೊಂಡು ಅಂದರು: “ನೋಡಾಕೆ ಬಂದ ಗಂಡುಗಳ್ಗೆಲ್ಲ ನೀನು ಹಿಂಗೇ ಕೆಲ್ಸ ಕೊಡಿಸ್ತಾ ಹೋದ್ರೆ, ನಾಳೆ ಬರೋ ನಿರುದ್ಯೋಗಿಗಳ್ಗೆಲ್ಲ ಉಪ್ಪಿಟ್ಟು ಮಾಡೋರು ಯಾರು?”

೪. ಅರ್ಜಿ ನನ್ನದು, ಕೆಲಸ ಚಿಕ್ಕಪ್ಪನದು

ಊರಿಗೆಲ್ಲ ಅರ್ಜಿ ಬರೆದುಕೊಟ್ಟವಳು ನನಗೆ ನಾನು ಬರೆದುಕೊಂಡದ್ದು ಹತ್ತೊಂಬತ್ತು. ಹೆಸರು ಪೂರ್ತಿ ಬರೆದ ಹದಿನೆಂಟಕ್ಕೂ ಉತ್ತರವೇ ಬರಲಿಲ್ಲ. ಹತ್ತೊಂಬತ್ತನೆಯದರಲ್ಲಿ ಹೆಸರಿನ ಬದಲು ಇನಿಷಿಯಲ್ ಮಾತ್ರ ಹಾಕಿದೆ. ವಾರದೊಳಗೆ ಕಲ್ಯಾಣದುರ್ಗದ ಒಂದು ಕಡಲೆಕಾಯಿ ಎಣ್ಣೆ ಗಿರಣಿಯಿಂದ ಕಾಗದ ಬಂತು: ‘ತಾವು ಖುದ್ದಾಗಿ ಬಂದು ಕಾಣತಕ್ಕದ್ದು.’

ಒಬ್ಬಳನ್ನೇ ಕಳಿಸುವುದುಂಟೆ? ಚಿಕ್ಕಪ್ಪ ಜರಿ ರುಮಾಲು ಸುತ್ತಿಕೊಂಡು ಜೊತೆಗೆ ಹೊರಟರು. ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು. ಏರು ಬಂದಾಗಲೆಲ್ಲ ಗಂಡಸರು ಇಳಿದು ತಳ್ಳಬೇಕು. ದಾರಿಯುದ್ದಕ್ಕೂ ಚಿಕ್ಕಪ್ಪ ಬಸ್ಸು ತಳ್ಳುತ್ತ, ನನ್ನ ಓದನ್ನು ಬಯ್ಯುತ್ತ ಬಂದರು.

ಗಿರಣಿಯ ಸಾಹುಕಾರರು ದಪ್ಪ ಮನುಷ್ಯ, ಒಳ್ಳೆ ಮಾತಿನವರು. “ರಂಡಿ ರಂಡಿ, ಬನ್ನಿ,” ಅಂತ ತೆಲುಗಲ್ಲೂ ಕನ್ನಡದಲ್ಲೂ ಕರೆದು ಚಿಕ್ಕಪ್ಪನನ್ನು ಕುರ್ಚಿಯ ಮೇಲೆ ಕೂರಿಸಿದರು. ನನಗೆ ಮೂಲೆಯ ಸ್ಟೂಲು ತೋರಿಸಿದರು.

“ವ್ಯಾಪಾರದಲ್ಲಿ ಎಷ್ಟು ವರ್ಷದ ಅನುಭವ?” ಅಂತ ಚಿಕ್ಕಪ್ಪನನ್ನು ಕೇಳಿದರು.

ಮನೆತನ ವಿಚಾರಿಸುತ್ತಿದ್ದಾರೆ ಅಂದುಕೊಂಡ ಚಿಕ್ಕಪ್ಪ ಎದೆ ಉಬ್ಬಿಸಿದರು. “ಮೂವತ್ತು ವರ್ಷ ಆಯ್ತು ಸಾವ್ಕಾರ್ರೇ. ಬೆಲ್ಲದ ಅಚ್ಚು ಮೂಸಿ ನೋಡಿ ಯಾವೂರ ಗಾಣದ್ದು ಅಂತ ಹೇಳ್ತೀನಿ.”

“ಆಳುಕಾಳು ನೋಡ್ಕೊಂಡು ಅಭ್ಯಾಸ ಐತಾ?”

“ಹಮಾಲರೇ ಹದಿನೈದು ಜನ. ನಾನ್ ಗದರಿದ್ರೆ ಗೂಡ್ಸ್ ರೈಲೂ ನಿಲ್ತದೆ.”

ಸಾಹುಕಾರರು ಮೇಜು ಕುಟ್ಟಿದರು. “ಇಂಥ ಮನುಷ್ಯನೇ ಬೇಕಾಗಿತ್ತು. ನೀವು ಸೋಮವಾರದಿಂದ ಬಂದ್ಬುಡಿ,” ಅಂದು ಸಂಬಳವನ್ನೂ ಹೇಳಿದರು. ಒಳ್ಳೆ ಸಂಬಳ. ಚಿಕ್ಕಪ್ಪ ಬಾಯಿ ತೆರೆದುಕೊಂಡು ನನ್ನ ಕಡೆ ನೋಡಿದರು.

“ಅರ್ಜಿ ಹಾಕಿದ್ದು ನಾನು ಸಾರ್,” ಅಂದೆ.

ಸಾಹುಕಾರರು ಒಂದು ಸಲ ನನ್ನನ್ನು, ಒಂದು ಸಲ ಅರ್ಜಿಯನ್ನು ನೋಡಿದರು. “ಇಲ್ಲಮ್ಮಾ, ಇದು ಗಿರಣಿ. ಇಲ್ಲಿ ಹೆಂಗಸರಿಗೆ ಕೆಲಸ ಇಲ್ಲ.”

ಕಿಟಕಿಯಾಚೆ ಅಂಗಳದಲ್ಲಿ ನಲವತ್ತು ಹೆಂಗಸರು ಬಿಸಿಲಲ್ಲಿ ಕೂತು ಕಡಲೆಬೀಜ ಆರಿಸುತ್ತಿದ್ದರು. ಅತ್ತ ಕೈ ತೋರಿಸಿ, “ಹಾಗಾದ್ರೆ ಅವರೆಲ್ಲ ಯಾರು?” ಅಂದೆ.

“ಅವರು ಕೆಲಸ ಮಾಡೋರು. ನೀನು ಕೇಳ್ತಿರೋದು ಆಫೀಸು.”

ಹೇಳಿದ ಮೇಲೆ ಅವರಿಗೇ ಅದು ಕೇಳಿಸಿತು ಅಂತ ಕಾಣುತ್ತದೆ, ನಕ್ಕುಬಿಟ್ಟರು. ಅವರ ಮೇಜಿನ ಮೇಲೆ ಮದರಾಸು, ಬೊಂಬಾಯಿಗಳಿಂದ ಬಂದ ಇಂಗ್ಲಿಷ್ ಕಾಗದಗಳು ಮೊಳದೆತ್ತರ ಬಿದ್ದಿದ್ದವು. ನಾನು ಕೇಳದೆಯೇ ಮೇಲಿನದನ್ನು ತೆಗೆದು ಓದಿ ಅರ್ಥ ಹೇಳಿದೆ. ಎರಡನೆಯದನ್ನು ಹೇಳಿದೆ. ಮೂರನೆಯದಕ್ಕೆ ಅವರು, “ಅಯ್ಯೋ, ಇದು ಹೋದ ತಿಂಗಳೇ ಮಾಡ್ಬೇಕಾಗಿದ್ದ ಕೆಲಸ,” ಅಂತ ಎದ್ದು ನಿಂತರು. “ಸರಿ, ಒಂದು ತಿಂಗಳು ನೋಡೋಣ. ಸಂಬಳ ಮಾತ್ರ ಅರ್ಧ.”

ಚಿಕ್ಕಪ್ಪ ರುಮಾಲು ತೆಗೆದು ಮೇಜಿನ ಮೇಲೆ ಬಡಿದರು.

“ಏನ್ರೀ ಸಾವ್ಕಾರ್ರೇ, ನ್ಯಾಯ ಮಾತಾಡ್ರಿ! ಮೂರನೇ ಕ್ಲಾಸು ಡುಮ್ಕಿ ಹೊಡ್ದೋನು ನಾನು, ನಂಗೆ ಪೂರಾ ಸಂಬಳ. ಎರಡು ವರ್ಷ ಬೆಂಗಳೂರಲ್ಲಿ ನಿದ್ದೆಗೆಟ್ಟು ಓದಿದೋಳಿಗೆ ಅರ್ಧನಾ? ನಮ್ಮುಡುಗಿ ಓದಿದ್ದು ಕಾಮರ್ಸು ಕಣ್ರೀ, ಗೊತ್ತೈತಾ ಕಾಮರ್ಸು ಅಂದ್ರೇನು ಅಂತ?”

ಕಾಮರ್ಸು ಅಂದರೇನು ಅಂತ ಚಿಕ್ಕಪ್ಪನಿಗೂ ಗೊತ್ತಿರಲಿಲ್ಲ, ಆದರೂ ಪೂರಾ ಸಂಬಳ ಕೊಡಿಸಿದರು. ನನ್ನ ಕಣ್ಣು ಒದ್ದೆಯಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಚಿಕ್ಕಪ್ಪ ಗಿರಣಿಯ ಕಡೆಯೇ ತಿರುಗಿ ತಿರುಗಿ ನೋಡುತ್ತಿದ್ದರು. ಇನ್ನು ನನ್ನನ್ನು ಬಿಟ್ಟಿರಬೇಕಲ್ಲ ಅನ್ನುವ ದುಃಖ ಇರಬೇಕು ಅಂದುಕೊಂಡೆ. ಕೊನೆಗೆ ನಿಟ್ಟುಸಿರು ಬಿಟ್ಟು ಅಂದರು:

“ಒಳ್ಳೆ ಸಂಬಳ ಕಣಮ್ಮ. ನೀನು ಇನ್ನೈದು ನಿಮಿಷ ಬಾಯ್ಮುಚ್ಕೊಂಡು ಕೂತಿದ್ರೆ ನಾನೇ ಸೇರ್ಕೊಂಡ್ಬುಡ್ತಿದ್ದೆ.”

೫. ಸುಮ್ಮನಿರೋದು ನಿಷೇಧ

ಕಲ್ಯಾಣದುರ್ಗದಲ್ಲಿ ಒಂದು ಮನೆ ಮಾಡಿದೆ. ಜೊತೆಗಿರಲು ಅಜ್ಜಿ ಬಂದಳು. ತಿಂಗಳು ಕಳೆದು ಕೆಲಸ ಖಾಯಂ ಆಯಿತು, ವರ್ಷಕ್ಕೆ ಹಳೆಯ ಮ್ಯಾನೇಜರು ಬಿಟ್ಟುಹೋಗಿ ಆ ಕುರ್ಚಿಯೂ ನನ್ನದಾಯಿತು.

ಗಿರಣಿಯಲ್ಲಿ ಮಿಷನ್ನು ಕಡಲೆಕಾಯಿ ಒಡೆದ ಮೇಲೆ ಬೀಜದಲ್ಲಿನ ಕಲ್ಲು, ಹುಳುಕು ಆರಿಸಬೇಕು. ಅದೇ ಆ ನಲವತ್ತು ಹೆಂಗಸರ ಕೆಲಸ. ಅವರ ಮೇಲೆ ಒಬ್ಬ ಮೇಸ್ತ್ರಿ. ಅವನದು ಒಂದೇ ಕಾನೂನು: ಯಾರೂ ಮಾತಾಡಬಾರದು. ಬಾಯಿ ಬಿಟ್ಟವಳನ್ನು ಅರ್ಧ ದಿನದ ಕೂಲಿ ಮುರಿದು ಹೊರಗೆ ಕಳಿಸುತ್ತಿದ್ದ. ಸೆಟ್ಟೂರು ಕಡೆಯಿಂದ ಬರುತ್ತಿದ್ದ ಒಬ್ಬ ಮುದುಕಿಯಂತೂ ವಾರದಲ್ಲಿ ಮೂರು ದಿನ ಮಧ್ಯಾಹ್ನಕ್ಕೇ ಮನೆಗೆ ಹೋಗುತ್ತಿದ್ದಳು. ಅವಳು ಸೀನಿದರೂ ನಾಲ್ಕು ಮಾತು ಸೇರಿಸಿ ಸೀನುವವಳು.

ಮುದುಕಿ ಬಂದು ನನ್ನೆದುರು ಕೂತಳು. “ಕೂಲಿ ಮುರೀಲಿ ಬಿಡಮ್ಮ. ಬಾಯಿಗೆ ಬೀಗ ಹಾಕ್ಕೊಂಡು ಬದ್ಕಾದು ಹೆಂಗೆ?”

ನಿಜ ಹೇಳಬೇಕೆಂದರೆ ನಾನು ಓದಿದ ಪುಸ್ತಕವೂ ಮೇಸ್ತ್ರಿಯ ಪಕ್ಷವೇ. ಮಾತು ಹೆಚ್ಚಾದರೆ ಕೆಲಸ ಕಡಿಮೆ ಅಂತ ಅದರಲ್ಲಿ ಚಿತ್ರ ಸಮೇತ ಇತ್ತು. ಆದರೆ ಏನೇ ಆದರೂ ಅಳೆದು ನೋಡಬೇಕು ಅಂತಲೂ ಅದೇ ಪುಸ್ತಕದಲ್ಲಿತ್ತು. ಸಾಹುಕಾರರ ಜೇಬುಗಡಿಯಾರ ಎರವಲು ಪಡೆದೆ. ಒಂದು ದಿನ ಯಾರೂ ಮಾತಾಡದ ಹಾಗೆ, ಮಾರನೇ ದಿನ ಎಲ್ಲರೂ ಬಾಯಿಗೆ ಬಂದದ್ದು ಮಾತಾಡುವ ಹಾಗೆ ಕೂರಿಸಿದೆ. ಎರಡೂ ದಿನ ಒಂದೇ ಲೆಕ್ಕದ ಮೂಟೆಗಳು. ಮೇಸ್ತ್ರಿ ಮೀಸೆಯಡಿ ನಗುತ್ತ ನೋಡುತ್ತಿದ್ದ.

ಮಾತಿನ ದಿನ ಹೊತ್ತು ಅಷ್ಟೇ ಆಯಿತು. ಆದರೆ ಆರಿಸಿದ ಬೀಜ ತೂಗಿದರೆ ಹದಿನಾರು ಸೇರು ಜಾಸ್ತಿ! ಎರಡು ಸಲ ತೂಗಿದೆ. ಮೇಸ್ತ್ರಿ ತಕ್ಕಡಿ ಕೆಳಗೆ ಬಗ್ಗಿ ನೋಡಿದ. ನನ್ನ ಪುಸ್ತಕದಲ್ಲಿ ಇದಕ್ಕೆ ವಿವರಣೆಯೇ ಇರಲಿಲ್ಲ.

ವಿವರಣೆ ಇಲ್ಲದಿದ್ದರೇನು, ತೂಕ ಇತ್ತಲ್ಲ. ಅವತ್ತೇ ನೋಟೀಸು ಟೈಪು ಮಾಡಿ ಬಾಗಿಲಿಗೆ ಅಂಟಿಸಿದೆ: ‘ಕೆಲಸದ ವೇಳೆಯಲ್ಲಿ ಮಾತಾಡದೆ ಸುಮ್ಮನೆ ಕೂರುವುದನ್ನು ನಿಷೇಧಿಸಲಾಗಿದೆ. ಮಾತಿಗಾಗಿ ಯಾರ ಕೂಲಿಯನ್ನೂ ಮುರಿಯತಕ್ಕದ್ದಲ್ಲ.’ ಮೇಸ್ತ್ರಿ ಅದನ್ನು ಕಿತ್ತುಕೊಂಡು ಸಾಹುಕಾರರ ಹತ್ತಿರ ಓಡಿದ. ನಾನೂ ಇನ್ನೊಂದು ಪ್ರತಿ ಟೈಪು ಮಾಡಿಕೊಂಡು ಹೋದೆ.

ಸಾಹುಕಾರರು ಇಬ್ಬರ ಮಾತೂ ಕೇಳಿ, ಮುದುಕಿಯನ್ನೇ ಕರೆಸಿದರು. “ಏನವ್ವಾ ಇದು? ಮಾತಾಡಿದ್ರೆ ಬೀಜ ಜಾಸ್ತಿ ಹೆಂಗಾಯ್ತದೆ?”

ಮುದುಕಿ ಸೆರಗಲ್ಲಿ ಬಾಯಿ ಒರೆಸಿಕೊಂಡಳು.

“ಮಾತಾಡೋ ಬಾಯ್ಗೆ ಬೀಜ ಹಾಕ್ಕೊಳ್ಳಾಕೆ ಪುರ್ಸೊತ್ತು ಎಲ್ಲೈತೆ ಸಾವ್ಕಾರ್ರೇ?”

೬. ಮ್ಯಾನೇಜರ ಧರ್ಮಪತ್ನಿ

ಕಲ್ಯಾಣದುರ್ಗದಿಂದ ಹೊರಡುವ ಬಸ್ಸು ದಿನಕ್ಕೆ ಒಂದೇ ಇತ್ತು. ಅದೂ ಮನಸ್ಸು ಬಂದಾಗ. ಇನ್ನೊಂದು ಬಸ್ಸು ಬೇಕು ಅಂತ ನಾನು ಊರಿನ ವರ್ತಕರ ಪರವಾಗಿ ಮೇಲಿನವರಿಗೆ ಅರ್ಜಿ ಮೇಲೆ ಅರ್ಜಿ ಬರೆದೆ. ಪ್ರತಿಯೊಂದಕ್ಕೂ ಇನಿಷಿಯಲ್ ಹಾಕಿ, ಕೆಳಗೆ ‘ಮ್ಯಾನೇಜರ್’ ಅಂತ ಬರೆಯುತ್ತಿದ್ದೆ. ಒಂದು ವರ್ಷಕ್ಕೆ ಬಸ್ಸು ಬಂತು.

ವರ್ತಕರ ಸಂಘದವರಿಗೆ ಸಂತೋಷವೋ ಸಂತೋಷ. ವಾರ್ಷಿಕ ಸಭೆಯಲ್ಲಿ ಎಣ್ಣೆ ಗಿರಣಿಯ ಮ್ಯಾನೇಜರಿಗೆ ಸನ್ಮಾನ ಮಾಡಬೇಕೆಂದು ತೀರ್ಮಾನಿಸಿ, ಕಾರ್ಯಕ್ರಮ ಪಟ್ಟಿ ಅಚ್ಚು ಹಾಕಿಸಿದರು. ನಾನು ದಿನವೂ ಅದೇ ಬೀದಿಯಲ್ಲಿ ಓಡಾಡುತ್ತಿದ್ದೆ. ಆದರೆ ಅವರ ಲೆಕ್ಕದಲ್ಲಿ ನಾನು ಟೈಪು ಮಾಡುವ ಹುಡುಗಿ. ಮ್ಯಾನೇಜರು ಅನ್ನುವವರು ಯಾರೋ ಮದರಾಸಿನ ಗಂಡಸು, ಬಿಸಿಲಿಗೆ ಹೊರಗೆ ಬಾರದೆ ಒಳಗಿನ ಕೋಣೆಯಲ್ಲಿ ಕೂತಿರುತ್ತಾರೆ! ಆಹ್ವಾನ ಅಂಚೆಯಲ್ಲಿ ಬಂತು: ‘ಮ್ಯಾನೇಜರ್ ಸಾಹೇಬರು ಪತ್ನೀ ಸಮೇತ ದಯಮಾಡಿಸಬೇಕು.’ ಸಾಹುಕಾರರಿಗೆ ತೋರಿಸಿದೆ. ಅವರು ಹೊಟ್ಟೆ ಕುಣಿಸಿ ನಕ್ಕು, “ದಯಮಾಡ್ಸು ಹೋಗಮ್ಮಾ, ನಾನೂ ಬತ್ತೀನಿ ನೋಡಾಕೆ,” ಅಂದರು.

ಸಭೆ ಸಂಜೆ ನಾಲ್ಕಕ್ಕೆ, ಶಾಲೆಯ ಅಂಗಳದಲ್ಲಿ. ಅಜ್ಜಿ ನನ್ನ ಜಡೆಗೆ ಕನಕಾಂಬರ ಮುಡಿಸಿದಳು. ಇಬ್ಬರೂ ಹೋದೆವು. ಅಜ್ಜಿ ಹೆಂಗಸರ ಸಾಲಲ್ಲಿ ಮುಂದೆಯೇ ಕೂತಳು. ನಾನು ವೇದಿಕೆ ಹತ್ತಿದೆ. ಸಂಘದ ಕಾರ್ಯದರ್ಶಿ ಓಡಿ ಬಂದರು.

“ಮ್ಯಾನೇಜರ್ ಸಾಹೇಬ್ರು ಹಿಂದೆ ಬತ್ತಾ ಅವ್ರಾ ಅಮ್ಮ?”

“ಮುಂದೆ ನಿಂತಿದ್ದೀನಿ.”

ಅವರಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಆಮೇಲೆ ಮುಖ ಇಳಿಯಿತು. ಮೇಜಿನ ಮೇಲೆ ಮ್ಯಾನೇಜರ ತಲೆಗೆ ಅಂತ ತಂದ ದೊಡ್ಡ ಜರಿ ಪೇಟ, ಹೆಗಲಿಗೆ ಶಾಲು ಇತ್ತು. ಪಕ್ಕದ ತಟ್ಟೆಯಲ್ಲಿ ಅವರ ಹೆಂಡತಿಗೆ ಅಂತ ಹಸಿರು ಸೀರೆ, ಹಣ್ಣು. ಕಾರ್ಯದರ್ಶಿ ನನ್ನನ್ನು ಪಕ್ಕಕ್ಕೆ ಕರೆದು, “ಹೆಂಗಸರ ತಲೆಗೆ ಪೇಟ ಕಟ್ಟೋದುಂಟಾ ತಾಯಿ? ಪೇಟ ಸಾವ್ಕಾರ್ರಿಗೆ ಕಟ್ಬುಡ್ತೀವಿ. ನೀವು ಈ ಸೀರೆ ತಗೊಂಡು ಹೆಂಗಸರ ಕಡೆ ಕೂತ್ಕೊಂಡ್ಬುಡಿ, ಎಲ್ಲಾ ಸರಿಹೋಯ್ತದೆ,” ಅಂದರು.

“ಸನ್ಮಾನ ಯಾರಿಗೆ?”

“ಬಸ್ಸು ತರಿಸಿದ ಮ್ಯಾನೇಜರಿಗೆ.”

“ತರಿಸಿದ್ದು ನಾನು. ಸೀರೆ ನನಗೆ ಬೇಡ, ಅದು ಮ್ಯಾನೇಜರ ಹೆಂಡತಿಗೆ ತಂದದ್ದು. ಪಟ್ಟಿಯಲ್ಲಿ ಹೇಗಿದೆಯೋ ಹಾಗೇ ನಡೀಲಿ. ಇಲ್ಲಾಂದ್ರೆ ನಾನು ಈಗಲೇ ಮನೆಗೆ ಹೋಗ್ತೀನಿ, ಸನ್ಮಾನ ಬಸ್ಸಿಗೇ ಮಾಡಿ.”

ಮುನ್ನೂರು ಜನ ನೋಡುತ್ತಿದ್ದರು. ಕಾರ್ಯದರ್ಶಿ ಸಾಹುಕಾರರ ಕಡೆ ತಿರುಗಿದರು. ಸಾಹುಕಾರರು ಕೂತಲ್ಲಿಂದಲೇ, “ಕಟ್ರಪ್ಪಾ, ಹೊತ್ತಾಯ್ತದೆ!” ಅಂದರು.

ಕಟ್ಟಿದರು. ಮದರಾಸಿನ ಗಂಡಸಿನ ತಲೆಯ ಅಂದಾಜಿಗೆ ತಂದ ಪೇಟ, ನನ್ನ ಕಿವಿಯ ತನಕ ಇಳಿಯಿತು. ಕೆಳಗಿಂದ ಕನಕಾಂಬರ ಇಣುಕುತ್ತಿತ್ತು. ಗಂಡಸರು ಕೆಲವರು ನಕ್ಕರು. ಬೀಜ ಆರಿಸುವ ನಮ್ಮ ಹೆಂಗಸರು ಹಿಂದಿನಿಂದ ಚಪ್ಪಾಳೆ ಹೊಡೆದರು, ನಗು ಅದರಲ್ಲಿ ಮುಳುಗಿಹೋಯಿತು. ನಾನು ಪೇಟ ಬೀಳದ ಹಾಗೆ ಕತ್ತು ನೆಟ್ಟಗೆ ಮಾಡಿಕೊಂಡು ಕೂತೆ.

ಕಾರ್ಯಕ್ರಮ ಪಟ್ಟಿ ಓದುವ ಜವಾಬ್ದಾರಿ ಶಾಲೆಯ ಹೆಡ್ಮಾಸ್ತರದು. ಅವರಿಗೆ ಕಣ್ಣು ಮಂದ. ಕಾಗದ ಮೂಗಿಗೆ ತಗುಲಿಸಿಕೊಂಡು ಓದುವವರು ತಲೆ ಎತ್ತಿ ಯಾರನ್ನೂ ನೋಡಿರಲಿಲ್ಲ. ಗಟ್ಟಿಯಾಗಿ ಮುಂದಿನ ಸಾಲು ಓದಿದರು: “ಈಗ ಮ್ಯಾನೇಜರ್ ಸಾಹೇಬರ ಧರ್ಮಪತ್ನಿಯವರು ವೇದಿಕೆಗೆ ಬಂದು ಉಡುಗೊರೆ ಸ್ವೀಕರಿಸಬೇಕು!”

ಕಾರ್ಯದರ್ಶಿ ಸೀರೆಯ ತಟ್ಟೆ ಹಿಡಿದುಕೊಂಡು ಯಾರಿಗೆ ಕೊಡುವುದು ಅಂತ ಕಣ್ಣು ಬಿಡುತ್ತಿದ್ದರು.

“ಬತ್ತೀನಿ ತಡೀರಪ್ಪಾ,” ಅಂತ ಮುಂದಿನ ಸಾಲಿಂದ ದನಿ ಬಂತು.

ಅಜ್ಜಿ ಮಂಡಿ ಹಿಡಿದುಕೊಂಡು ಎದ್ದಳು. ಮೆಟ್ಟಿಲು ಒಂದೊಂದೇ ಹತ್ತಿ ಬಂದು ತಟ್ಟೆಗೆ ಕೈ ಚಾಚಿದಳು.

“ಅಜ್ಜಮ್ಮಾ, ಇದು ಮ್ಯಾನೇಜರ ಹೆಂಡ್ತಿಗೆ,” ಅಂದರು ಕಾರ್ಯದರ್ಶಿ, ಅಳುವ ದನಿಯಲ್ಲಿ.

“ಗೊತ್ತು ಕಣಪ್ಪಾ. ಬೆಳಗಾಗೆದ್ದು ಈ ಮ್ಯಾನೇಜರಿಗೆ ಸ್ನಾನಕ್ಕೆ ನೀರು ಕಾಯ್ಸೋಳು ಯಾರು? ನಾನು. ಬುತ್ತಿ ಕಟ್ಟೋಳು ಯಾರು? ನಾನು. ಗಿರಣಿ ಚಿಂತೆ ಎಲ್ಲಾ ಮನೆಗೆ ಹೊತ್ಕೊಂಡು ಬಂದು ಉಣ್ಣಾಕೆ ಕೂತು ಗೊಣಗಿದ್ರೆ, ಅರ್ಥ ಆಗ್ದಿದ್ರೂ ಹೂಂ ಹೂಂ ಅಂತ ಕೇಳೋಳು ಯಾರು? ಎರಡು ವರ್ಷದಿಂದ ಹೆಂಡ್ತಿ ಕೆಲ್ಸ ಪೂರಾ ಮಾಡಿದೋಳು ನಾನು. ಸೀರೆ ಇನ್ಯಾರಿಗಪ್ಪಾ?”

ಹೆಂಗಸರ ಸಾಲು ಎದ್ದು ನಿಂತುಬಿಟ್ಟಿತು. ಸಾಹುಕಾರರು ಶಲ್ಯದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕಾರ್ಯದರ್ಶಿ ತಟ್ಟೆ ಕೊಟ್ಟರು. ಅಜ್ಜಿ ಸೀರೆಯ ಅಂಚು ಸವರಿ ನೋಡಿ, ನನ್ನ ಪಕ್ಕದ ಕುರ್ಚಿಯಲ್ಲಿ ಗಂಭೀರವಾಗಿ ಕೂತಳು.

ಹೆಡ್ಮಾಸ್ತರು ಇನ್ನೂ ಕಾಗದದಿಂದ ಮೂಗು ತೆಗೆದಿರಲಿಲ್ಲ. ಕೊನೆಯ ಸಾಲು ಓದಿದರು: “ಈಗ ದಂಪತಿಗಳು ಒಟ್ಟಿಗೆ ಎದ್ದು ನಿಂತು ಸಭೆಗೆ ನಮಸ್ಕಾರ ಮಾಡಬೇಕು!”

ನಾನು ನಗು ತಡೆಯಲಾಗದೆ ಮುಖ ಮುಚ್ಚಿಕೊಂಡು ಕೂತಿದ್ದೆ. ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲಿ ಬಿಟ್ಟರೆ ಮಾತಾಡಿಸದ ಅಜ್ಜಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ನನ್ನ ಪೇಟ ನೆಟ್ಟಗೆ ಮಾಡಿ, ಮೆಲ್ಲಗೆ ಅಂದಳು:

“ಏಳ್ರೀ, ಕರೀತಾ ಅವ್ರೆ.”